ಕಂಬದ ಮೇಲಿನ ಗೂಡು

"ನೀ ನಿಚ್ಚಣಿಕಿ ಮುಟ್ಟಬ್ಯಾಡ," ಎಂದು ತಾತ್ಯಾಸಾಹೇಬ ಏಣಿ ಹಿಡಿದಿದ್ದ ಅಣ್ಣನ ಕೈಯನ್ನು ತಳ್ಳಿದ. "ನೀ ಹತ್ತಿ ಕಿಸೇದಾಗ ಏನರ ಹಾಕ್ಕೊಂಡ್ರ ನನಗೇನ ಗೊತ್ತಾಗತೈತಿ?"

"ನೀ ಹತ್ತಿದ್ರ ನನಗ ಗೊತ್ತಾಗತೈತೇನ?" ಎಂದ ಭಾವುಸಾಹೇಬ.

ಪಕ್ಕದಲ್ಲೇ ಅವರ ತಾಯಿ ಕಾಶಿಬಾಯಿಯ ಹೆಣ ಮಲಗಿತ್ತು. ಭೋಜ ಊರಿನ ಬಂಧುಗಳೆಲ್ಲ ಸೇರಿ ಣಮೋಕಾರ ಮಂತ್ರ ಹೇಳುತ್ತಿದ್ದರು, ಕಿವಿ ಮಾತ್ರ ಆ ಇಬ್ಬರು ಗಂಡುಮಕ್ಕಳ ಕಡೆಗಿತ್ತು. ಪಡಸಾಲೆಯ ನಟ್ಟನಡುವೆ ಅಣ್ಣತಮ್ಮಂದಿರ ಪಾಲು ಬೇರೆ ಮಾಡುವ ಗೋಡೆ ಎರಡೇ ಸಾಲು ಇಟ್ಟಿಗೆಗೆ ನಿಂತು ನಾಲ್ಕು ವರ್ಷವಾಗಿತ್ತು. ಅದೇ ನೇರಕ್ಕೆ ಒಂದು ಸಾಗವಾನಿ ಕಂಬ. ಅದಕ್ಕೆ ಒರಗಿಸಿದ್ದ ಏಣಿಯಿಂದಲೇ ಮುದುಕಿ ಬೆಳಗ್ಗೆ ಬಿದ್ದದ್ದು.

"ಎಪ್ಪತ್ತು ದಾಟಿದಾಕಿ ಯಾಕ ಹತ್ತಿದ್ಲವ್ವಾ? ಕೆಳಗ ಹಿಡ್ಯಾಕ ಯಾರೂ ಇರಲಿಲ್ಲೇನ?" ಎಂದಳು ನೆರೆಮನೆಯ ಭೀಮಾಬಾಯಿ.

ಅವ್ವ ತನ್ನ ಬಂಗಾರದ ಪಾಟ್ಲಿ ಬಳೆಗಳನ್ನು ಕಂಬದ ಮೇಲೆ ಬಚ್ಚಿಟ್ಟಿದ್ದಾಳೆ, ಅವನ್ನು ತೆಗೆಸಲು ಅವನೇ ಹತ್ತಿಸಿದ್ದಾನೆ ಎಂದು ಇಬ್ಬರಿಗೂ ಇನ್ನೊಬ್ಬನ ಮೇಲೆ ಗುಮಾನಿ.

"ಅತ್ತಿ ಮುಷ್ಟ್ಯಾಗ ಒಂದೀಟ ಹುಲ್ಲ ಇತ್ತ್ರಿ, ಮತ್ತೇನೂ ಇರಲಿಲ್ಲ," ಎಂದಳು ಹಿರಿಸೊಸೆ ಸುಗಂಧಾ.

"ಬರೇ ಹುಲ್ಲ?" ತಾತ್ಯಾಸಾಹೇಬ ಅತ್ತಿಗೆಯ ಸೆರಗಿನ ಗಂಟನ್ನೇ ನೋಡಿದ.

*

ನಾಲ್ಕು ವರ್ಷದ ಹಿಂದೆ, ೧೯೮೮ರಲ್ಲಿ, ಚಿಕ್ಕೋಡಿ ಕೋರ್ಟಿನಿಂದ ಪಾಲಿನ ಕಾಗದ ಬಂದ ವಾರವೇ ಗೋಡೆ ಕಟ್ಟುವ ಗೌಂಡಿ ಸಿದರಾಯ ಕರಣಿ ಹಿಡಿದು ಬಂದಿದ್ದ. ಎರಡು ಸಾಲು ಇಟ್ಟಿಗೆ ಇಡುವಷ್ಟರಲ್ಲಿ ಕಂಬದ ತಲೆಯಿಂದ ಗುಬ್ಬಿಯೊಂದು ಗಾಬರಿಯಾಗಿ ಹಾರಿತು. ಮೇಲೆ ಗೂಡು, ಗೂಡಿನಲ್ಲಿ ತತ್ತಿ.

"ಮರಿ ಹಾರ್ಲಿ, ತಡೀರಿ," ಎಂದಳು ಕಾಶಿಬಾಯಿ.

ಜೀವವಿರುವ ಗೂಡಿಗೆ ಕೈಹಾಕುವ ಧೈರ್ಯ ಆ ಜೈನರ ಮನೆಯಲ್ಲಿ ಯಾರಿಗೂ ಇರಲಿಲ್ಲ. ಕೋರ್ಟಿನವರೆಗೆ ಕಿತ್ತಾಡಿದ ಅಣ್ಣತಮ್ಮಂದಿರು ಒಂದು ಗುಬ್ಬಿಯ ಮುಂದೆ ಬೆಪ್ಪಾಗಿ ನಿಂತರು. ಅಷ್ಟು ದಿನವೂ ಇಬ್ಬರೂ ಅದೇ ಪಡಸಾಲೆಯಲ್ಲಿ ಉಂಡರು. ಕಾಶಿಬಾಯಿ ಒಂದೇ ಬುಟ್ಟಿಯಿಂದ ಇಬ್ಬರಿಗೂ ರೊಟ್ಟಿ ಹಾಕಿದಳು.

ಮರಿಗಳು ಹಾರಿಹೋದವು. ಆಮೇಲೆ ಗೌಂಡಿಗೆ ಹೇಳಿಕಳಿಸಿದಾಗಲೆಲ್ಲ ಕಂಬದ ಮೇಲೆ ಹೊಸ ಗೂಡು!

"ಗೌಂಡಿ ಬರೂದು ಗುಬ್ಬಿಗೆ ಹೆಂಗ ಗೊತ್ತಾಗತೈತಿ? ವೈನಿ ಕಾಳ ಹಾಕಿ ಕರೀತಾಳ," ಎಂದು ತಾತ್ಯಾಸಾಹೇಬ ಅತ್ತಿಗೆಯ ಮೇಲೆ ಗೊಣಗುತ್ತಿದ್ದ.

"ಹತ್ರ ಹೋಗಬ್ಯಾಡ್ರಿ, ಹಕ್ಕಿ ತತ್ತಿ ಬಿಟ್ಟ ಹೋಗತೈತಿ," ಎನ್ನುತ್ತಿದ್ದಳು ಕಾಶಿಬಾಯಿ. ಪಾಪದ ಹೆದರಿಕೆಗೆ ಯಾರೂ ಹತ್ತಿ ನೋಡಲಿಲ್ಲ.

*

ಕೊನೆಗೆ ಏಣಿ ಹತ್ತಲು ಇಬ್ಬರೂ ಒಪ್ಪಿದ್ದು ಮುದುಕಿಯ ಅಂತ್ಯಕ್ರಿಯೆಗೆ ಬಂದಿದ್ದ ಸಿದರಾಯನನ್ನು. ಅವನು ಹತ್ತುವಾಗ ಏಣಿ ಅಲುಗಾಡಿತು. ಇಬ್ಬರ ಕಣ್ಣೂ ಅವನ ಬೆರಳುಗಳ ಮೇಲೇ ಇದ್ದವು.

"ಬಂಗಾರ ಇಲ್ಲ್ರಿ. ಬರೇ ಗೂಡು," ಎನ್ನುತ್ತ ಇಳಿದ ಸಿದರಾಯ ಅದನ್ನು ತಿರುಗಿಸಿ ನೋಡಿದ. "ಸಾವಕಾರ್ರ, ಗುಬ್ಬಿ ಗಂಟ ಹಾಕತೈತೇನ್ರಿ?"

ತೆಂಗಿನ ನಾರು, ಹುಲ್ಲು, ಬಿಗಿಯಾಗಿ ಸುತ್ತಿದ ಹಸಿರು ನೂಲು, ಅದಕ್ಕೆ ಮೂರು ಗಂಟು. ಅತ್ತೆ ಬೆಳಗ್ಗೆ ಉಟ್ಟಿದ್ದ ಸೀರೆಯನ್ನು ಸುಗಂಧಾ ತಂದು ಬಿಡಿಸಿದಳು. ಅದೇ ಹಸಿರಿನ ಅಂಚು ಗೇಣುದ್ದ ಬಿಚ್ಚಿಹೋಗಿತ್ತು.

"ಅವ್ವ ನಾಕ ವರ್ಷ ನಮ್ಮನ್ನ ಆಟ ಆಡಿಸಿದ್ಲಲ್ಲೋ," ಎಂದು ಭಾವುಸಾಹೇಬ ನಗಲು ಹೋಗಿ ಅತ್ತುಬಿಟ್ಟ.

"ಸೋಮವಾರ ಗ್ವಾಡಿ ಕೆಲಸಕ್ಕ ಬಾ ಅಂತ ನಿನ್ನೆ ಹೇಳಿದ್ರಿ," ಎಂದ ಸಿದರಾಯ ಮೆಲ್ಲಗೆ, ತಾತ್ಯಾಸಾಹೇಬನ ಮುಖ ನೋಡುತ್ತ. "ಬರಲೇನ್ರಿ?"

ತಾತ್ಯಾಸಾಹೇಬ ಗೂಡಿನೊಳಗೆ ಎರಡು ಬೆರಳು ಇಳಿಸಿದ. ತಳದಲ್ಲಿ ಮೆತ್ತಗೆ ಹತ್ತಿ ಹಾಸಿತ್ತು. ಖಾಲಿಯೆಂದು ಕಣ್ಣಿಗೆ ಕಾಣುತ್ತಿದ್ದರೂ ಬೆರಳುಗಳು ಬಲು ಜೋಕೆಯಿಂದ ಆಡಿದವು.

"ಮರಿ ಹಾರ್ಲಿ," ಎಂದ. "ಇದ್ದಲ್ಲೇ ಇಟ್ಟ ಬಾ."

ಸಿದರಾಯ ಗೂಡು ಹಿಡಿದು ಮತ್ತೆ ಹತ್ತಿದ. ಏಣಿಯ ಒಂದು ಕಾಲು ಇಟ್ಟಿಗೆ ಸಾಲಿನ ಆಚೆಗಿತ್ತು, ಇನ್ನೊಂದು ಈಚೆಗೆ. ಆಚೆಯದನ್ನು ಭಾವುಸಾಹೇಬ ಹಿಡಿದಿದ್ದ, ಈಚೆಯದನ್ನು ತಾತ್ಯಾಸಾಹೇಬ.