ಏಳು ತಗಡುಗಳ ಸಂಜೆ

"ಏನ್ರೀ ಅದು, ಬೆಳಿಗ್ಗೆ ಎದ್ದು ಗೋಡೆಗೆ ಕಣ್ಣು ಹೊಡೀತಾ ಕೂತಿದ್ದೀರಿ?"

ಹೆಂಡತಿ ಬಸವರಾಜೇಶ್ವರಿ ಹೀಗೆ ಕೇಳಿದಾಗ ಷಡಕ್ಷರಪ್ಪನವರು ಒಂದೊಂದೇ ಕಣ್ಣು ಮುಚ್ಚಿ ನೋಡುತ್ತಿದ್ದರು. ವಿದ್ಯಾನಗರದ ಅವರ ಮನೆಯ ನಡುಮನೆ ಗೋಡೆ ಎಡಗಣ್ಣಿಗೆ ಬೆಣ್ಣೆಯ ಬಣ್ಣ, ಬಲಗಣ್ಣಿಗೆ ಸುಣ್ಣದ ಬಿಳಿ. ಬಲಗಣ್ಣಿನ ಪೊರೆ ತೆಗೆಸಿ ಮೂರು ವಾರವಾಗಿತ್ತು. ಎಡಗಣ್ಣಿನದು ಇನ್ನೂ ಹಾಗೇ ಇತ್ತು.

"ಈ ಗೋಡೆಗೆ ಯಾವ ಬಣ್ಣ ಹೊಡೆಸಿದ್ವೇ?"

"ಬಿಳಿ. ಹೋದ ದೀಪಾವಳಿಗೆ ನೀವೇ ನಿಂತು ಹೊಡೆಸಿದ್ರಲ್ಲ. ತಲೆ ಎತ್ತಿ, ಔಷಧಿ ಹಾಕ್ತೀನಿ." ಕಿವಿಯ ಕಡೆಗೆ ಹರಿದ ಹನಿಯನ್ನು ಆಕೆ ಸೆರಗಿನ ತುದಿಯಿಂದ ಒರೆಸಿದರು. 

ಬಿಳಿ ಎಂದಾದರೆ ಬಲಗಣ್ಣೇ ನಿಜ. ಹಾಗಾದರೆ ಎಡಗಣ್ಣು ಸುಳ್ಳು. ಅಷ್ಟೇ ಅಲ್ಲ, ಮೂರು ವಾರದ ಹಿಂದಿನವರೆಗೆ ಎರಡೂ ಸುಳ್ಳು. ಆ ಸುಳ್ಳು ಕಣ್ಣುಗಳನ್ನು ನಂಬಿಕೊಂಡೇ ಅವರು ಎರಡು ತಿಂಗಳ ಹಿಂದೆ ಮುನ್ನೂರು ದೀಪಗಳಿಗೆ ಬಣ್ಣ ಆರಿಸಿದ್ದರು. ಆ ದೀಪಗಳು ಇವತ್ತು ಸಂಜೆ ಲಾರಿ ಹತ್ತಲಿದ್ದವು.

ದೀಪಗಳ ಹೊಣೆ ತಮ್ಮನ ಮಗಳು ಪ್ರಿಯದರ್ಶಿನಿಯದು. ಕಟ್ಟಡಗಳೊಳಗೆ ಬೆಳಕು ಹೇಗಿರಬೇಕೆಂದು ಯೋಚಿಸಿ ರೂಪಿಸುವುದು ಅವಳ ವೃತ್ತಿ. ಕುಮಟೆಯ ಆಚೆ ಕಡಲ ದಂಡೆಯಲ್ಲಿ ಜ್ಞಾನೇಶ್ ಎಂಬುವರು ಕಟ್ಟಿಸುತ್ತಿದ್ದ ದುಬಾರಿ ರೆಸಾರ್ಟು ಅವಳು ಸ್ವಂತಕ್ಕೆ ಹಿಡಿದ ಮೊದಲ ದೊಡ್ಡ ಕೆಲಸ. ಅಲ್ಲಿ ಎಲ್ಲವೂ ಸಂಜೆಯ ಹೊಂಬಿಸಿಲಿಗಾಗಿಯೇ. ಕೋಣೆಗಳೆಲ್ಲ ಪಡುವಣಕ್ಕೆ ಮುಖ ಮಾಡಿದ್ದವು. ಬಿಸಿಲು ಹಿಡಿದು ನಿಲ್ಲಲೆಂದು ಗೋಡೆಗೆ ಒರಟು ಗಾರೆ. ಸ್ನಾನದ ತೊಟ್ಟಿಯನ್ನೂ ಬಿಸಿಲು ಬೀಳುವ ಮೂಲೆಗೇ ಇಟ್ಟಿದ್ದರು. ಸೂರ್ಯ ಮುಳುಗಿದ್ದು ಅತಿಥಿಗೆ ಗೊತ್ತಾಗದ ಹಾಗೆ ದೀಪಗಳು ಅದೇ ಬೆಳಕನ್ನು ಮುಂದುವರಿಸಬೇಕಿತ್ತು.

"ಸಮುದ್ರದ ತನಕ ಹೋಗಿ ಗೋಡೆ ನೋಡ್ತಾ ಕೂರ್ತಾರೇನೇ?" ಎಂದು ಬಸವರಾಜೇಶ್ವರಿ ನಕ್ಕಿದ್ದರು.

"ಹ್ಞೂ ದೊಡ್ಡಮ್ಮ, ಅದಕ್ಕೇ ದುಡ್ಡು ಕೊಟ್ಟು ಬರೋದು."

ದೀಪದ ಬಲ್ಬು ಕಾಣುವುದಿಲ್ಲ. ಅದರ ಬೆಳಕು ಅದನ್ನು ಮುಚ್ಚುವ ತಗಡಿನ ಬುರುಡೆಯ ಒಳಮೈಗೆ ಬಡಿದು ಹಿಂತಿರುಗಿ ಬರುತ್ತದೆ. ಹಾಗಾಗಿ ಒಳಮೈಗೆ ಹಾಕಿದ ಬಣ್ಣದ್ದೇ ಆಟವೆಲ್ಲ. ತಿಳಿಜೇನಿನಿಂದ ತಾಮ್ರದವರೆಗೆ ಏಳು ಬಣ್ಣ ಬಳಿದ ಏಳು ತಗಡುಗಳನ್ನು ಪ್ರಿಯದರ್ಶಿನಿ ಸಾಲಾಗಿ ಇಟ್ಟು, "ಬಣ್ಣ ಅಳೆಯೋ ಮೀಟರು ಏನೇನೋ ನಂಬರ್ ಕೊಡುತ್ತೆ ದೊಡ್ಡಪ್ಪ, ಮನಸ್ಸಿಗೆ ಹಿಡಿಸ್ತಿಲ್ಲ. ನೀವು ನೋಡಿ" ಎಂದಿದ್ದಳು.

ಅವರನ್ನು ಕೇಳಿದ್ದಕ್ಕೆ ಕಾರಣವಿತ್ತು. ಷಡಕ್ಷರಪ್ಪನವರು ಭದ್ರಾವತಿಯ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಕುಲುಮೆಯ ಮುಂದೆ ನಿಂತವರು. ನೀಲಿ ಗಾಜಿನೊಳಗಿಂದ ಕುದಿಯುವ ಲೋಹದ ಬಣ್ಣ ನೋಡಿ "ಇನ್ನೆರಡು ನಿಮಿಷ" ಎನ್ನುತ್ತಿದ್ದರು. ಅವರು "ಬಿಡಿ" ಎನ್ನುವ ತನಕ ಲೋಹ ಹರಿಸಲು ಯಾರ ಕೈಯೂ ಏಳುತ್ತಿರಲಿಲ್ಲ. ಆ ಹೆಮ್ಮೆಯಲ್ಲಿಯೇ ಅವರು ನಡುಮಧ್ಯಾಹ್ನ, ಪರದೆ ಎಳೆದ ಅವಳ ಆಫೀಸಿನೊಳಗೆ, ಎದುರಿಗೆ ಸಂಜೆಯೇ ಇಲ್ಲದೆ, ಒಂದೇ ನೋಟಕ್ಕೆ ಹೇಳಿಬಿಟ್ಟಿದ್ದರು: "ಮೂರನೇದು."

ಇವತ್ತು ಆ ದೀಪಗಳನ್ನು ನೋಡಲು ಹತ್ತಿದ ಭದ್ರಾವತಿಯ ಬಸ್ಸಿನಲ್ಲಿ ಶಂಕರಘಟ್ಟಕ್ಕೆ ಹೊರಟಿದ್ದ ಹುಡುಗಿಯೊಬ್ಬಳು ಅವರ ಕಪ್ಪು ಕನ್ನಡಕ ನೋಡಿ, ಕೇಳುವ ಮೊದಲೇ ನೆರಳಿನ ಕಡೆಯ ಸೀಟು ಬಿಟ್ಟುಕೊಟ್ಟು ತಾನು ಬಿಸಿಲಿಗೆ ಕುಳಿತಳು. ಥ್ಯಾಂಕ್ಸ್ ಹೇಳಲೂ ಅವರಿಗೆ ನೆನಪಾಗಲಿಲ್ಲ. ಹೊಸ ಕಣ್ಣಿಗೆ ಎಲ್ಲವೂ ಸ್ವಲ್ಪ ನೀಲಿಯಾಗಿ ಕಾಣಬಹುದು, ಎರಡನೆಯದೂ ಆಗುವ ತನಕ ಗೊಂದಲ ಇರುತ್ತದೆ ಎಂದು ಡಾಕ್ಟರು ಹೇಳಿದ್ದು ನೆನಪಾಗುತ್ತಿತ್ತು. ಹಾಗಾದರೆ ಬಲಗಣ್ಣೂ ಪೂರ್ತಿ ನಿಜವಲ್ಲವೇ? ಯಾವುದನ್ನು ಸಾಕ್ಷಿಗೆ ಕರೆಯುವುದು?

ತಗಡು ಬಗ್ಗಿಸಿ, ಬಣ್ಣ ಹಾಕಿ, ಒಲೆಯಲ್ಲಿ ಸುಟ್ಟು ಹಿಡಿಸುವ ಶೆಡ್ಡು ಭೂತಪ್ಪನದು. ಅವನೂ ಹಿಂದೆ ಕುಲುಮೆಯಲ್ಲಿ ಇವರ ಕೈಕೆಳಗೆ ಇದ್ದವನೇ. ಇವರನ್ನು ಕಂಡವನೇ ಸ್ಟೂಲು ತಂದು, ಅದರ ಮೇಲೆ ತನ್ನ ಟವೆಲ್ಲನ್ನೇ ಮಡಿಸಿ ಹಾಸಿದ. ಗೋಡೆಯ ಪಕ್ಕದಲ್ಲಿ ರಟ್ಟಿನ ಪೆಟ್ಟಿಗೆಗಳು ಆಳೆತ್ತರಕ್ಕೆ ನಿಂತಿದ್ದವು.

"ಮೊದಲ ದೀಪ ನೀವೇ ಹಚ್ಚಬೇಕು ದೊಡ್ಡಪ್ಪ," ಎಂದು ಆಗಲೇ ಅಲ್ಲಿಗೆ ಬಂದಿದ್ದ ಪ್ರಿಯದರ್ಶಿನಿ ಸ್ವಿಚ್ಚನ್ನು ಅವರ ಕೈಗೆ ಕೊಟ್ಟಳು.

ಅವರು ಒತ್ತಿದರು. ಸುಣ್ಣದ ಗೋಡೆಯ ಮೇಲೆ ಬೆಳಕು ಬಿತ್ತು. ಕನ್ನಡಕ ತೆಗೆದು ನೋಡಿದರು. ಎಡಗಣ್ಣಿಗೆ ತುಂಬಿದ ಸಂಜೆ. ಬಲಗಣ್ಣಿಗೆ ಬೆಳಿಗ್ಗೆ ಹತ್ತು ಗಂಟೆಯ ಪೋಸ್ಟಾಫೀಸು.

ಸುಮ್ಮನಿದ್ದರೆ ಲಾರಿ ಹೋಗುತ್ತದೆ. ಅಲ್ಲಿ ದೀಪ ಹಚ್ಚಿದ ಮೇಲೆ ಜ್ಞಾನೇಶ್ ಈ ಹುಡುಗಿಯನ್ನು ಇನ್ನೊಮ್ಮೆ ಕೆಲಸಕ್ಕೆ ಕರೆಯುತ್ತಾರೆಯೇ? ಹೇಳಿದರೆ, ಮತ್ತು ತಪ್ಪಿರುವುದು ಹೊಸ ಕಣ್ಣೇ ಆಗಿದ್ದರೆ, ಸರಿಯಾಗಿದ್ದ ಮುನ್ನೂರು ದೀಪ ಕೆಡಿಸಿದಂತಾಗುತ್ತದೆ.

"ಪುಟ್ಟಿ, ಲಾರಿ ನಿಲ್ಸು," ಎಂದರು. ಪ್ರಿಯದರ್ಶಿನಿಯ ಕಡೆ ತಿರುಗಿದರು. "ನಾನು ಆರಿಸಿದ್ದು ತಪ್ಪು ಅನ್ಸುತ್ತೆ. ಆಗ ಕಣ್ಣಲ್ಲಿ ಪೊರೆ ಇತ್ತು. ಬಿಳೀದೂ ನಂಗೆ ಹಳದಿಯಾಗೇ ಕಾಣ್ತಿತ್ತು. ನಿಂಗೆ ಇದು ಹೇಗೆ ಕಾಣುತ್ತೆ, ನಿಜ ಹೇಳು."

ಪ್ರಿಯದರ್ಶಿನಿ ಕೆಳಗೆ ನೋಡಿದಳು. "ಸ್ವಲ್ಪ... ಬಿಳಿ ಅಂತ ಅವತ್ತೇ ಅನ್ನಿಸಿತ್ತು. ನೀವು ಹೇಳಿದ ಮೇಲೆ ನನ್ನ ಕಣ್ಣೇ ಸರಿಯಿಲ್ಲ ಅಂದ್ಕೊಂಡೆ."

"ನಂಗೂ ಹಂಗೇ ಆಯ್ತಣ್ಣ," ಎಂದ ಭೂತಪ್ಪ ಮೆಲ್ಲಗೆ. "ಮೊದಲ್ನೇ ಬುರುಡೆ ಒಲೆಯಿಂದ ತೆಗೆದಾಗ್ಲೇ ಇದು ಹಾಲಿನಂಗೈತಲ್ಲ ಅಂದೆ. ಷಡಕ್ಷರಣ್ಣ ಹೇಳಿದ್ಮೇಲೆ ನಾನ್ಯಾವನು ಅಂತ ಸುಮ್ಮನಾದೆ."

"ಮುನ್ನೂರು ಸುಡೋ ತನಕ ಸುಮ್ಮನಿದ್ಯೇನೋ ಮಾರಾಯ?"

"ಕುಲುಮೇಲೂ ನಾವು ಯಾವತ್ತು ಬಾಯಿ ಬಿಟ್ಟಿದ್ವಿ?"

ಷಡಕ್ಷರಪ್ಪನವರು ಅವನ ಮುಖವನ್ನೇ ನೋಡಿದರು. "ಅಲ್ಲೂ ಬೇರೆ ಅನ್ನಿಸ್ತಿತ್ತಾ?"

"ಅಲ್ಲಿ ನೀವು ಸರಿಯೇ ಹೇಳ್ತಿದ್ರಿ ಬಿಡಿ," ಎಂದು ಭೂತಪ್ಪ ತಟ್ಟನೆ ಹೇಳಿ ಟೀ ತರಲು ಹೋದ. ಅದು ನಿಜವೋ, ಮುದುಕನ ಮನಸ್ಸು ನೋಯಬಾರದೆಂದು ಆಡಿದ್ದೋ, ಅವರಿಗೆ ಬಗೆಹರಿಯಲಿಲ್ಲ. ಟೀಗೆ ಸಕ್ಕರೆ ಕಡಿಮೆ ಹಾಕಿಸಿದ್ದ. ಇವರಿಗೆ ಸಕ್ಕರೆ ಕಾಯಿಲೆ ಇರುವುದು ಅವನಿಗೆ ನೆನಪಿತ್ತು.

ಪ್ರಿಯದರ್ಶಿನಿ ಏಳು ತಗಡುಗಳನ್ನೂ ಹೊರತೆಗೆದಳು. ಶೆಡ್ಡಿನ ಬಾಗಿಲು ಪಡುವಣಕ್ಕಿತ್ತು. ಈ ಸಲ ಸಂಜೆಯೇ ಎದುರಿಗೆ ನಿಂತಿತ್ತು. ಗೋಡೆಯ ಒಂದು ಅರ್ಧಕ್ಕೆ ಬಿಸಿಲು, ಇನ್ನೊಂದು ಅರ್ಧಕ್ಕೆ ತಗಡಿಗೆ ಬಡಿದು ಬಂದ ದೀಪದ ಬೆಳಕು. ಮೂರನೆಯದು ಪಕ್ಕಕ್ಕೆ ಬಂದಾಗ ಯಾರೂ ಬಾಯಿ ಬಿಡಬೇಕಾಗಲಿಲ್ಲ. ಬಿಸಿಲಿನ ಪಕ್ಕದಲ್ಲಿ ಅದು ಷಡಕ್ಷರಪ್ಪನವರ ಎಡಗಣ್ಣಿಗೂ ಬಿಳಿಚಿಕೊಂಡಿತ್ತು. ನಾಲ್ಕನೆಯದು ಬಿಸಿಲಿನಲ್ಲಿ ಕರಗಿ ಒಂದಾಯಿತು.

"ಇದೇ!" ಎಂದರು ಷಡಕ್ಷರಪ್ಪನವರು.

ಭೂತಪ್ಪ ಕುಡಿದ ಟೀ ಲೋಟ ಕೆಳಗಿಡುವಷ್ಟರಲ್ಲಿ ನಾಲ್ಕನೆಯದೂ ಬೇರೆಯಾಗಿ ನಿಂತಿತ್ತು. ಈಗ ಐದನೆಯದು ಹೊಂದುತ್ತಿತ್ತು. ಇನ್ನೊಂದಿಷ್ಟು ಹೊತ್ತಿಗೆ ಆರು.

"ಅಣ್ಣ, ಇದು ನಿಲ್ಲೋದೇ ಇಲ್ವಲ್ಲ," ಎಂದ ಭೂತಪ್ಪ. "ಅವರಿಗೆ ಬೇಕಾಗಿರೋದು ಇದ್ರಲ್ಲಿ ಯಾವ ಸಂಜೆ?"

ಷಡಕ್ಷರಪ್ಪನವರು ತಗಡುಗಳನ್ನು ಒಂದೊಂದಾಗಿ ನೋಡಿದರು. ಕುಲುಮೆಯಲ್ಲಿ ಒಂದು ಬಣ್ಣ ಇತ್ತು, ಅದು ಬಂದಾಗ ಹೇಳಿದರೆ ಮುಗಿಯಿತು. ಇಲ್ಲಿ ಬಂದ ಬಣ್ಣಗಳೆಲ್ಲ ಸಂಜೆಯೇ. ಇಬ್ಬರೂ ಅಭ್ಯಾಸಬಲದಿಂದ ಅವರ ಮುಖ ನೋಡುತ್ತಾ ನಿಂತರು. ಬಾಯಿಗೆ ಬಂದ ಅಂಕಿಯನ್ನು ಅವರು ನುಂಗಿಕೊಂಡರು.

"ನನ್ನ ನೋಡ್ಬೇಡಿ. ಗೋಡೆ ನೋಡಿ. ಪುಟ್ಟಿ, ನೀನು ಹೇಳು."

"ನಾನಾ?" ಅವಳು ಗೋಡೆಯ ಹತ್ತಿರಕ್ಕೆ ಹೋದಳು. ಮೀಟರನ್ನು ಕೈಗೆತ್ತಿಕೊಂಡಳು, ಹಾಗೇ ಕೆಳಗಿಟ್ಟಳು. "ಐದು."

"ಖಚಿತಾನಾ?"

"ಇಲ್ಲ ದೊಡ್ಡಪ್ಪ. ಇದನ್ನ ನೋಡಿದ್ರೆ ಇನ್ನೊಂದು ಗಳಿಗೆ ಇಲ್ಲೇ ಕೂರೋಣ ಅನ್ಸುತ್ತೆ. ಅಷ್ಟೇ."

ಅವರಿಗೆ ಆರು ಅನ್ನಿಸಿತ್ತು. ಹೇಳಲಿಲ್ಲ.

ಭೂತಪ್ಪ ಆಗಲೇ ಒಂದು ಪೆಟ್ಟಿಗೆಯ ಟೇಪು ಕೀಳತೊಡಗಿದ್ದ. "ಹಳೇ ಬಣ್ಣದ ಮೇಲೇ ಹೊಸದು ಹಿಡಿಯುತ್ತಮ್ಮ. ಹತ್ತು ದಿನ ಕೊಡಿಸು, ಮುಗಿಸ್ತೀನಿ."

ಅವಳು ಫೋನೆತ್ತಿ ಜ್ಞಾನೇಶರಿಗೆ ಮಾಡಿದಳು. "ಸರ್, ದೀಪ ಇವತ್ತು ಬರಲ್ಲ. ಬಣ್ಣ ಬದಲಾಯಿಸ್ತಿದ್ದೀನಿ. ಇಲ್ಲ ಸರ್, ಬೇರೆ ಯಾರದೂ ಅಲ್ಲ, ನನ್ನದೇ ತಪ್ಪು."

"ನನ್ನ ಹೆಸರು ಹೇಳೇ," ಎಂದು ಷಡಕ್ಷರಪ್ಪನವರು ಪಿಸುಗುಟ್ಟಿದರು. ಅವಳು ಮಾತಾಡುತ್ತಲೇ ಅವರ ಕೈ ಹಿಡಿದು, ಇರಲಿ ಎನ್ನುವಂತೆ ಒತ್ತಿದಳು. ಆ ಕೈ ತಮ್ಮನ್ನು ಕಾಪಾಡುತ್ತಿದೆಯೋ, ಕೆಲಸದಿಂದ ಬಿಡಿಸಿ ಕಳಿಸುತ್ತಿದೆಯೋ, ಅವರಿಗೆ ತಿಳಿಯಲಿಲ್ಲ. ಎರಡೂ ಇರಬಹುದು. ಆಚೆಯಿಂದ ಜ್ಞಾನೇಶರ ದನಿ ಜೋರಾಗಿಯೇ ಕೇಳುತ್ತಿತ್ತು. ಅವಳು "ಹ್ಞೂ ಸರ್, ಹ್ಞೂ ಸರ್" ಎನ್ನುತ್ತಾ ಗೋಡೆಯನ್ನೇ ನೋಡುತ್ತಿದ್ದಳು. ಅವಳ ಕೈ ತಣ್ಣಗಿತ್ತು. ಷಡಕ್ಷರಪ್ಪನವರು ಅದನ್ನು ಬಿಡಲಿಲ್ಲ.