ತಡವಾದ ಬೂಸ್ಟರ್ ದಂಡವಲ್ಲ

ಪಕ್ಕದ ಊರಿನ ಮಗುವೊಂದು ನಾಯಿಕೆಮ್ಮಿನಿಂದ ಆಸ್ಪತ್ರೆ ಸೇರಿದೆಯಂತೆ ಎಂದು ಕೇಳಿದಾಗಿನಿಂದ ನಮ್ಮ ಸೊಸೆ ಯಮುನ ಊಟ ಬಿಟ್ಟಿದ್ದಳು. ಮೊಮ್ಮಗಳು ಐಶ್ವರ್ಯಳಿಗೆ ಎಳೆಯದರಲ್ಲಿ ಮೂರು ಸಲ ಅದರ ಚುಚ್ಚುಮದ್ದು ಹಾಕಿಸಿದ್ದೆವು. ಹದಿನಾರು ತಿಂಗಳಿಗೆ ಹಾಕಿಸಬೇಕಿದ್ದ ಬೂಸ್ಟರ್ ಮಾತ್ರ ಇಪ್ಪತ್ತು ತಿಂಗಳಾದರೂ ಆಗಿರಲಿಲ್ಲ. ತಡೆದವನು ನಾನೇ, ಗಂಗಣ್ಣ. ಚುಚ್ಚುಮದ್ದು ಜೀನ್ ಬದಲಿಸುತ್ತದೆ ಎಂದು ಶನಿವಾರಸಂತೆಯಲ್ಲಿ ಯಾರೋ ಮೊಬೈಲ್ ತೋರಿಸಿದ್ದರು. ಜೀನ್ ಎಂದರೇನೆಂದೇ ನನಗೆ ಗೊತ್ತಿರಲಿಲ್ಲ, ಆದರೂ ಹೆದರಿದೆ!

ಕಾಫಿ ತೋಟದಲ್ಲಿ ಸ್ಪ್ರಿಂಕ್ಲರ್ ಪೈಪ್ ಜೋಡಿಸುತ್ತಿದ್ದಾಗ ಆಶಾ ಕಾರ್ಯಕರ್ತೆ ವಿನುತಾ ಬಂದಳು. ನನ್ನ ಹೆದರಿಕೆ ಅವಳ ಕಿವಿಗೂ ಬಿದ್ದಿತ್ತು.

"ಗಂಗಣ್ಣ, ಹೂಮಳೆ ಬಿದ್ರೆ ರೊಬಸ್ಟಾ ಗಿಡ ಅರೇಬಿಕಾ ಆಗೋಗುತ್ತಾ?"

"ತಲೆ ಕೆಟ್ಟಿದ್ಯಾ? ಮೊಗ್ಗು ಅರಳುತ್ತೆ, ಅಷ್ಟೆ."

"ಹಂಗೇ ಕಣಣ್ಣ. ಚುಚ್ಚುಮದ್ದು ಜೀನ್ ಬದ್ಲಾಯ್ಸಲ್ಲ. ರೋಗದ ಜೊತೆ ಹೋರಾಡೋ ರಕ್ತದ ಕಣದೊಳಗೆ ಯಾವ ಜೀನ್ ತೆರ್ದಿರ್ಬೇಕು, ಯಾವ್ದು ಮುಚ್ಚಿರ್ಬೇಕು ಅಂತ ಸಣ್ಣ ಗುರುತು ಬೀಳ್ತವೆ. ಅದೇ ಕಣದ ನೆನಪು. ರೋಗ ಬಂದ್ರೆ ಆ ಕಣ ತಕ್ಷಣ ಎದ್ದು ನಿಲ್ಲುತ್ತೆ. ಬೂಸ್ಟರ್ ಕೊಟ್ರೆ ನೆನಪು ಗಟ್ಟಿ."

"ಹೂಮಳೆ ಆದ್ಮೇಲೆ ಬ್ಯಾಕಿಂಗ್ ನೀರು ಕೊಟ್ಟಂಗೆ?"

"ಹೂಂ, ಅದೇ!"

ಹೂಮಳೆಯಾದ ಇಪ್ಪತ್ತು ದಿನದೊಳಗೆ ಬ್ಯಾಕಿಂಗ್ ಎನ್ನುವ ಈ ಎರಡನೇ ನೀರು ಕೊಡದಿದ್ದರೆ ಕಾಯಿ ಕಚ್ಚುವುದಿಲ್ಲ. ಆಮೇಲೆ ಎಷ್ಟು ಸುರಿದರೂ ದಂಡ. ನಾನು ಕಳೆದಿದ್ದು ನಾಲ್ಕು ತಿಂಗಳು.

"ಅಯ್ಯೋ, ಹಂಗಾದ್ರೆ ಮೊದ್ಲು ಹಾಕ್ಸಿದ್ದ ಮೂರೂ ಹೋದ್ವಲ್ಲವ್ವ! ಇನ್ನು ಹಾಕ್ಸಿ ಏನ್ ಸುಖ?" ಎಂದು ಅಲ್ಲೇ ಕುಸಿದು ಕೂತೆ.

ವಿನುತಾ ನಗಲಿಲ್ಲ.

"ಮಗು ಕಾಫಿ ಗಿಡ ಅಲ್ಲ ಗಂಗಣ್ಣ. ನೆನಪಿಟ್ಟ ಕಣಗಳು ಇನ್ನೂ ಅದರ ಮೈಯಲ್ಲೇ ಅವೆ. ಮೊದ್ಲಿಂದ ಶುರು ಮಾಡೋದೇನೂ ಬೇಡ. ಆದ್ರೆ ದಿನ ಕಳೆದಂಗೆ ಕಾವಲು ಸಡಿಲ ಆಗುತ್ತೆ. ಇವತ್ತು ಗುರುವಾರ, ಚುಚ್ಚುಮದ್ದಿನ ದಿನ. ಅಂಗನವಾಡೀಲಿ ಸಿಸ್ಟರ್ ಮಧ್ಯಾಹ್ನದ ತನಕ ಇರ್ತಾರೆ."

ಎಲ್ಲ ಅರ್ಥವಾಯಿತೆಂದು ಈಗಲೂ ಹೇಳಲಾರೆ. ಆ ಗುರುತು ಎಲ್ಲಿ ಬೀಳುತ್ತದೆ, ಹೇಗೆ ಉಳಿಯುತ್ತದೆ ಎಂದು ಯೋಚಿಸಿದರೆ ತಲೆ ಗಿರ್ರೆನ್ನುತ್ತದೆ. ಆದರೆ ತಡವಾದರೂ ದಂಡವಲ್ಲ ಎಂಬುದೊಂದು ನೆಟ್ಟಗೆ ತಲೆಗೆ ಹೋಯಿತು. ಕೆಸರುಗಾಲಲ್ಲೇ ಮನೆಗೆ ಓಡಿ ಮಗುವನ್ನು ಎತ್ತಿಕೊಂಡೆ. ಯಮುನ ಚುಚ್ಚುಮದ್ದಿನ ತಾರೀಖು ಬರೆಯುವ ತಾಯಿ ಕಾರ್ಡ್ ಹಿಡಿದು ಹಿಂದೆಯೇ ಬಂದಳು. ಸೂಜಿ ತಾಗಿದಾಗ ಐಶ್ವರ್ಯ ಕಿಟಾರನೆ ಕಿರುಚಿದಳು. ನನಗೂ ಕಣ್ಣಲ್ಲಿ ನೀರು ಬಂತು. ಆ ದಿನ ಯಮುನ ಹೊಟ್ಟೆ ತುಂಬ ಉಂಡಳು.

ನಿಮ್ಮ ಮಗುವಿನ ಕಾರ್ಡಿನಲ್ಲೂ ದಾಟಿಹೋದ ತಾರೀಖು ಇದೆಯೇ? ನಾಚಿಕೆ ಬೇಡ. ಬೈಯುತ್ತಾರೆಂಬ ಅಂಜಿಕೆ ಬೇಡ. ಮನೆಯಲ್ಲಿ ನನ್ನಂಥ ಪೆದ್ದನೊಬ್ಬ ತಡೆದರೆ ಅವನ ಮಾತೂ ಬೇಡ. ಈ ಗುರುವಾರವೇ ಮಗುವನ್ನು ಎತ್ತಿಕೊಂಡು ಹೊರಡಿ.