ಒರೆಸಿ ಕೊಟ್ಟ ಮಿಷನ್

ಇಸ್ತ್ರಿಯವನ ಕೈಗೆ ಒಂದು ಚಾಳಿ. ಮೇಜಿನ ಮೇಲೆ ಬಟ್ಟೆ ಹರಡುವುದೇ ತಡ, ಬಲಗೈ ಚೊಂಬಿಗೆ ಇಳಿದು, ಮೇಲೆದ್ದು, ಬೆರಳು ಕೊಡವಿ ನೀರು ಚಿಮುಕಿಸಿಬಿಡುತ್ತದೆ. ಅವನ ಅಪ್ಪನ ಕೈಯೂ ಹಾಗೇ ಇತ್ತು. ನೀರು ಬಟ್ಟೆಯ ಮೇಲೆ ಎಷ್ಟು ಬಿತ್ತು, ಆಚೆಗೆ ಎಷ್ಟು ಹಾರಿತು ಎಂದು ಯಾರು ನೋಡುತ್ತಾರೆ? ಬಟ್ಟೆ ಗರಿಗರಿಯಾದರೆ ಮುಗಿಯಿತು.

ಅಂಗಡಿಯೂ ಅದೇ, ಮನೆಯೂ ಅದೇ ಆಗಿದ್ದ ಆ ಕೋಣೆಯಲ್ಲಿ ಪ್ಲಗ್ ಪಾಯಿಂಟ್ ಇದ್ದದ್ದು ಇಸ್ತ್ರಿ ಮೇಜಿನ ಪಕ್ಕದಲ್ಲಿ ಮಾತ್ರ. ಹಾಗಾಗಿ ಮೇಲಿನ ಮನೆಯ ಕಂಡಕ್ಟರ್ ಅಕ್ಕನಿಂದ ಕೇಳಿ ತಂದಿದ್ದ ಉಸಿರಿನ ಮಿಷನ್ನೂ ಆ ಮೇಜಿನ ತುದಿಯಲ್ಲೇ ಕೂತಿತ್ತು. ಔಷಧಿಯನ್ನು ಮಂಜಿನ ಹಾಗೆ ಮಾಡಿ ಮೂಗು ಬಾಯಿಗೆ ಬಿಡುವ ಪುಟ್ಟ ಪೆಟ್ಟಿಗೆ ಅದು. ಅಕ್ಕ ಅದನ್ನು ಕೊಂಡಿದ್ದು ತನ್ನ ತಾಯಿಯ ದಮ್ಮಿನ ಕಾಯಿಲೆಗೆಂದು. ಇಸ್ತ್ರಿಯವನ ಮಗಳಿಗೆ ಎದೆ ಕಟ್ಟಿ ಉಸಿರು ಗೊರಗುಟ್ಟತೊಡಗಿದಾಗ ಹಿಂದೆ ಮುಂದೆ ನೋಡದೆ ಕೊಟ್ಟಿದ್ದಳು. ಮಗಳು ಮಾಸ್ಕ್ ಹಾಕಿಕೊಂಡು ಸ್ಟೂಲಿನ ಮೇಲೆ ಕೂರುತ್ತಿದ್ದಳು. ಪಕ್ಕದಲ್ಲಿ ಅಪ್ಪನ ಕೈ ತನ್ನ ಪಾಡಿಗೆ ತಾನು ನೀರು ಚಿಮುಕಿಸುತ್ತಿತ್ತು.

ಮಗಳು ಹುಷಾರಾಗಿ ಶಾಲೆಗೆ ಹೋದ ದಿನ ಅಕ್ಕ ಮೆಟ್ಟಿಲ ಮೇಲಿಂದಲೇ ಕೂಗಿದಳು. "ಅಣ್ಣಾ, ಪುಟ್ಟಿ ಈಗ ಪರವಾಗಿಲ್ಲ ತಾನೇ? ಹಂಗಾದ್ರೆ ಮಿಷನ್ ಕೊಟ್ಬಿಡಿ. ಅಮ್ಮಂಗೆ ಬೆಳಿಗ್ಗೆಯಿಂದ ಯಾಕೋ ಉಸಿರು ಬಿಗೀತಾ ಇದೆ. ನಾನು ಡ್ಯೂಟಿಗೆ ಹೋಗೋಷ್ಟರಲ್ಲಿ ಬಂದ್ರೆ ಸಾಕು."

"ಈಗ್ಲೇ ತರ್ತೀನಕ್ಕ."

ಕೊಡುವ ಮುಂಚೆ ಒಮ್ಮೆ ನೋಡೋಣವೆಂದು ಅವನು ಉಳಿದಿದ್ದ ಔಷಧಿ ಹಾಕಿ ಸ್ವಿಚ್ ಒತ್ತಿದ. ಗುರ್ ಎಂದಿತು. ಆದರೆ ಮಂಜು ಬರಲಿಲ್ಲ. ಆರಿಸಿ ಮತ್ತೆ ಹಾಕಿದ. ಗುರ್ ಎನ್ನುವ ಸದ್ದು, ಜೊತೆಗೆ ಏನೋ ಸುಟ್ಟ ವಾಸನೆ. ತಂತಿ ಕಿತ್ತು ಪೆಟ್ಟಿಗೆಯನ್ನು ಬೋರಲು ಹಾಕಿದಾಗ ಹಿಂಬದಿಯ ಸಂದಿನಿಂದ ಅವನ ಅಂಗೈಗೆ ನೀರು ತೊಟ್ಟಿಕ್ಕಿತು. ಈ ನೀರು ಎಲ್ಲಿಂದ ಬಂತೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಹೋಗಿ ಹೇಳ್ಬಿಡ್ತೀನಿ ಕಣೇ," ಎಂದ ಹೆಂಡತಿಗೆ.

"ಹೇಳಿ. ಆಮೇಲೆ?" ಅವಳು ಬಟ್ಟೆ ಮಡಿಸುವುದನ್ನು ಬಿಟ್ಟು ಎದುರಿಗೆ ಬಂದಳು. "ಹೊಸದು ತಂದುಕೊಡೋಕೆ ನಮ್ಮ ಕೈಲಾಗುತ್ತಾ? ಪುಟ್ಟಿಗೆ ಮತ್ತೆ ಎದೆ ಕಟ್ಟಿದ್ರೆ ಯಾರ ಬಾಗಿಲು ತಟ್ತೀರಿ? ಹಾಳು ಮಾಡಿದೋರಿಗೆ ಇನ್ನೊಂದ್ಸಲ ಯಾರು ಕೊಡ್ತಾರೆ?"

"ಅಜ್ಜಿಗೆ ಇವತ್ತೇ ಬೇಕಂತೆ."

"ಅಜ್ಜಿಗೆ ಮಾತ್ರೆ ಇದೆ, ದುಡಿಯೋ ಮಗಳಿದ್ದಾಳೆ. ನಮ್ಮ ಮಗುಗೆ ಏನಿದೆ ರೀ? ಗುರ್ ಅಂತಾನೇ ಇದೆಯಲ್ಲ. ನಮ್ಮನೇಲಿದ್ದಾಗ ಚೆನ್ನಾಗಿತ್ತು ಅಂದ್ರಾಯ್ತು." ಹೇಳುತ್ತಲೇ ಅವಳು ಅತ್ತುಬಿಟ್ಟಳು. ಕೆಟ್ಟವಳೇನಲ್ಲ ಪಾಪ. ಮಗು ಉಸಿರಿಗಾಗಿ ಬಾಯಿ ಬಾಯಿ ಬಿಟ್ಟದ್ದನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದವಳು.

ಅವನು ಮಿಷನ್ನನ್ನು ಒಣಬಟ್ಟೆಯಿಂದ ಒರೆಸಿದ, ಕೊಳವೆ ಸುತ್ತಿದ, ಇಸ್ತ್ರಿ ಮಾಡಿದ ಟವೆಲಿನಲ್ಲಿ ಸುತ್ತಿ ಮೇಲೆ ಹೋದ. ಬಾಗಿಲು ತೆರೆದದ್ದು ಅಜ್ಜಿ.

"ಅಯ್ಯೋ, ಎಷ್ಟು ಚೊಕ್ಕ ಮಾಡಿ ತಂದಿದ್ದೀಯಪ್ಪ! ಮಗು ಹೇಗಿದೆ? ಇನ್ನೆರಡು ದಿನ ಇಟ್ಕೊಂಡಿದ್ರೂ ಆಗ್ತಿತ್ತು. ಇವಳದ್ದೇ ಅವಸರ."

ಥೂ ನಿನ್ನ ಜನ್ಮಕ್ಕೆ ಎಂದು ಅವನ ಮನಸ್ಸೇ ಅವನಿಗೆ ಉಗಿಯಿತು. ಬಾಯಿ ಮಾತ್ರ "ಬರ್ತೀನಜ್ಜಿ" ಎಂದಿತು.

ಸ್ವಲ್ಪ ಹೊತ್ತಿಗೆ ಅಕ್ಕ ಟಿಕೆಟ್ ಚೀಲ ಹೆಗಲಿಗೇರಿಸಿ ಇಳಿದು ಬಂದಳು. "ಮಿಷನ್ ಅಮ್ಮನ ಕೈಗೆಟುಕೋ ಹಾಗೆ ಇಟ್ಟಿದ್ದೀನಿ ಅಣ್ಣ. ಇಲ್ದಿದ್ರೆ ಬಿಟ್ಟು ಹೋಗೋಕೆ ಧೈರ್ಯನೇ ಬರ್ತಿರ್ಲಿಲ್ಲ."

"ಅಕ್ಕಾ..."

ಅವಳು ತಿರುಗಿದಳು. "ಏನಣ್ಣ?"

ಅವನು ರಸ್ತೆಯ ಕಡೆ ಕೈ ತೋರಿಸಿದ. "ಏನಿಲ್ಲ. ಬಸ್ಸು ಬಂತು ನೋಡಿ."

ಅವಳು ಓಡಿಹೋಗಿ ಹತ್ತಿಕೊಂಡಳು.

ಅವನು ಒಂದು ಅಂಗಿಯನ್ನೇ ಮತ್ತೆ ಮತ್ತೆ ತೀಡುತ್ತಾ ನಿಂತ. ಮೇಲಿನಿಂದ ಕೆಮ್ಮು ಕೇಳಿಸಿತು. ನಿಂತಿತು. ಮತ್ತೆ ಶುರುವಾಯಿತು. ಆಮೇಲೆ ಚಾವಣಿಯ ಆಚೆಯಿಂದ ಸಣ್ಣಗೆ ಗುರ್ ಎಂಬ ಸದ್ದು ಬಂತು. ಕೆಮ್ಮು ನಿಂತರೂ ಆ ಸದ್ದು ನಿಲ್ಲಲಿಲ್ಲ. ದೇವರೇ, ಇಷ್ಟು ಹೊತ್ತು ಹಿಡಿಯುತ್ತದೆಯೇ? ಅವನು ಹೆಂಡತಿಯ ಮುಖ ನೋಡಿದ. ಅವಳ ಮುಖ ಬಿಳಿಚಿಕೊಂಡಿತ್ತು.

"ಹೋಗ್ರೀ!" ಎಂದು ಅವಳೇ ಕಿರುಚಿದಳು.

ಅವನು ಮೇಲಕ್ಕೆ ಓಡಿದ. ಅಜ್ಜಿ ಮಂಚದಂಚಿನಲ್ಲಿ ಮುಂದಕ್ಕೆ ಬಾಗಿ ಕೂತಿದ್ದರು. ಮಾಸ್ಕನ್ನು ಎರಡೂ ಕೈಯಿಂದ ಮುಖಕ್ಕೆ ಒತ್ತಿಕೊಂಡಿದ್ದರು. ತುಟಿ ನೀಲಿಗಟ್ಟಿತ್ತು. ಅವನನ್ನು ಕಂಡು ಮಾಸ್ಕ್ ಸರಿಸಿ ತುಂಡು ತುಂಡಾಗಿ ಹೇಳಿದರು. "ಮಿಷನ್... ಓಡ್ತಿದೆಯಪ್ಪ... ನಂಗೇ... ಎಳೆಯೋಕೆ ಬರ್ತಿಲ್ಲ..."

"ಇಲ್ಲಜ್ಜಿ, ನಿಮ್ಮ ತಪ್ಪಲ್ಲ. ಅದು ಕೆಟ್ಟೋಗಿದೆ. ನಾನೇ ಕೆಡಿಸಿದ್ದು."

ಅವರಿಗೆ ಕೇಳಿಸಿತೋ ಇಲ್ಲವೋ. ಅವನು ಅವರನ್ನು ಬೆನ್ನಿಗೆ ಹಾಕಿಕೊಂಡು ಮೆಟ್ಟಿಲಿಳಿದ. ಹೆಂಡತಿ "ದಾರಿ ಬಿಡಿ, ದಾರಿ ಬಿಡಿ" ಎಂದು ಕೂಗುತ್ತಾ ಮುಂದೆ ಓಡಿದಳು. ಬೀದಿ ಕೊನೆಯ ಆಸ್ಪತ್ರೆ ಇಷ್ಟು ದೂರ ಎಂದು ಅವನಿಗೆ ಎಂದೂ ಅನಿಸಿರಲಿಲ್ಲ. ಬೆನ್ನ ಮೇಲಿನ ಉಸಿರು ಪ್ರತಿ ಸಲ ನಿಂತಾಗಲೂ ಅವನು ಇನ್ನೂ ಜೋರಾಗಿ ಓಡುತ್ತಿದ್ದ.

ಆಕ್ಸಿಜನ್ ಹಾಕಿದರು, ಸೂಜಿ ಚುಚ್ಚಿದರು. ಎಷ್ಟೋ ಹೊತ್ತಿನ ಮೇಲೆ ಅಜ್ಜಿಯ ತುಟಿಗೆ ಬಣ್ಣ ಬಂತು. "ಇನ್ನು ಸ್ವಲ್ಪ ತಡವಾಗಿದ್ರೆ ಕಷ್ಟ ಇತ್ತು," ಎಂದು ನರ್ಸ್ ಹೇಳಿ ಹೋದಳು.

ಹೆಂಡತಿಯ ಫೋನು ಹೋದ ಕೂಡಲೇ ಅಕ್ಕ ಬಸ್ಸನ್ನು ಬೇರೆಯವರಿಗೆ ಒಪ್ಪಿಸಿ ಓಡಿ ಬಂದಿದ್ದಳು. ಮಲಗಿದ್ದ ತಾಯಿಯನ್ನು ನೋಡಿದಳು. ಬೆವರಿನಲ್ಲಿ ಒದ್ದೆಯಾಗಿ ಗೋಡೆಗೆ ಒರಗಿದ್ದ ಇಸ್ತ್ರಿಯವನನ್ನು ನೋಡಿದಳು. ಎರಡೂ ಕೈ ಜೋಡಿಸಿದಳು. "ಬೆನ್ನ ಮೇಲೆ ಹೊತ್ಕೊಂಡು ಬಂದ್ರಂತೆ. ನೀವಿಲ್ದಿದ್ರೆ ನಮ್ಮಮ್ಮ ಇವತ್ತು... ಈ ಋಣ ಹೆಂಗೆ ತೀರಿಸ್ಲಿ ಅಣ್ಣ?"

ಸುಮ್ಮನಿದ್ದರೆ ಆಗಿಹೋಗುತ್ತಿತ್ತು. ಮಿಷನ್ನುಗಳು ಕೆಡುವುದಿಲ್ಲವೇ? ಹೆಂಡತಿ ನೆಲ ನೋಡುತ್ತಿದ್ದಳು.

"ಕೈ ಮುಗೀಬೇಡಿ ಅಕ್ಕ," ಎಂದ ಅವನು. "ಮಿಷನ್ ಒಳಗೆ ನನ್ನ ಕೈಯಿಂದ ನೀರು ಹೋಗಿ ಕೆಟ್ಟಿತ್ತು. ಟವೆಲಲ್ಲಿ ಸುತ್ತಿ ಕೊಟ್ಟೆನಲ್ಲ, ಆಗ್ಲೇ ನಂಗೆ ಗೊತ್ತಿತ್ತು."

"ಹೇಳ್ಬೇಡಿ ಅಂದಿದ್ದು ನಾನಕ್ಕ," ಎಂದಳು ಹೆಂಡತಿ.

ಜೋಡಿಸಿದ್ದ ಕೈಗಳು ನಿಧಾನಕ್ಕೆ ಕೆಳಗಿಳಿದವು. "ನಾನು ಹೊರಟಾಗ ಕರೆದ್ರಿ," ಎಂದಳು ಅಕ್ಕ. "ಆಗ್ಲಾದ್ರೂ ಹೇಳೋಕಾಗ್ಲಿಲ್ವಾ?"

"ಹೆದರಿಬಿಟ್ಟೆ. ಇನ್ಮೇಲೆ ಕೊಡಲ್ವೇನೋ, ಪುಟ್ಟಿಗೆ ಮತ್ತೆ ಬಂದ್ರೆ ಏನು ಗತಿ ಅಂತ."

ಅಕ್ಕ ತಾಯಿಯ ಪಾದ ತಿಕ್ಕುತ್ತಾ ಕೂತಳು. ಆಮೇಲೆ ಅವನ ಕಡೆ ತಿರುಗದೆಯೇ ಹೇಳಿದಳು.

"ಕೆಟ್ಟಿದೆ ಅಂದಿದ್ರೆ ಬೈತಿದ್ದೆ. ಚೆನ್ನಾಗೇ ಬೈತಿದ್ದೆ. ಬೈದು, ಇವತ್ತೊಂದಿನ ರಜಾ ಹಾಕಿ ಅಮ್ಮನ ಪಕ್ಕ ಕೂತಿರ್ತಿದ್ದೆ. ಅಷ್ಟೇ ತಾನೇ ಅಣ್ಣ ಆಗ್ತಿದ್ದಿದ್ದು?"

"ಅಷ್ಟೇ ಅಕ್ಕ," ಎಂದ ಇಸ್ತ್ರಿಯವನು.